ಕಪ್ಪಿಗೆ ಪೆನ್ಸಿಲ್, ಹೊಳಪಿಗೆ ಬ್ಲೇಡ್

ಫೆಬ್ರವರಿ 4

ಆಸ್ಪತ್ರೆಯಿಂದ ಬಂದು ಚಪ್ಪಲಿ ಬಿಟ್ಟಿದ್ದೇ ತಡ, ತಂಗಿ "ಅಣ್ಣ, ನಂದೊಂದು ಫೋಟೋ ತೆಗಿ" ಎಂದಳು.

ಡಾಕ್ಟರು ಹೇಳಿದ್ದನ್ನು ಬರೆಯಬೇಕೆಂದೇ ಈ ಹಳೆಯ ಡೈರಿ ಹುಡುಕಿ ತೆಗೆದೆ. ಕೈ ಅದನ್ನು ಬಿಟ್ಟು ಫೋಟೋ ವಿಷಯಕ್ಕೆ ಓಡುತ್ತಿದೆ. ಬರೆದೇಬಿಡುತ್ತೇನೆ. "ಇನ್ನು ಕತ್ತರಿಸೋದಕ್ಕೆ ಏನೂ ಇಲ್ಲ. ಮನೇಲಿ ಆರಾಮಾಗಿ ನೋಡ್ಕೊಳ್ಳಿ" ಎಂದರು. ಹೋದ ವರ್ಷ ಅವಳ ಎಡಗಡೆಯ ದವಡೆ ತೆಗೆದಾಗ "ಗಡ್ಡೆ ಎಲ್ಲಾ ಬಂತು" ಎಂದವರು ಇವರೇ. ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಕಿಟಕಿಯಿಂದ ಹೊರಗೆ ನೋಡುತ್ತಾ ಬಂದೆವು. ಏನು ನೋಡಿದೆವೋ ದೇವರಿಗೇ ಗೊತ್ತು.

ಫೋಟೋ ಎಂದ ಕೂಡಲೇ ನನ್ನ ಹೆಂಡತಿ ಫೋನ್ ಹಿಡಿದು ನಿಂತಳು. ತಂಗಿ ಮುಖ ತಿರುಗಿಸಿದಳು. "ಫೋನ್ ಬೇಡ ಅತ್ತಿಗೆ. ನೆಗೆಟಿವ್ ಬೇಕು. ದೊಡ್ಡದು. ನನ್ನ ಮುಖ ನಾನೇ ತಿದ್ಕೋತೀನಿ."

ನಮ್ಮ ಸ್ಟುಡಿಯೋ ಮುಚ್ಚುವ ತನಕ ಅವಳ ಕೆಲಸ ಅದೇ. ಈಗ ಯಾರಿಗೂ ಗೊತ್ತಿಲ್ಲದ ಕೆಲಸ, ಇಲ್ಲಾದರೂ ಬರೆದಿಟ್ಟಿರಲಿ. ಓರೆ ಹಲಗೆಯ ನಡುವೆ ಹಾಲುಬಣ್ಣದ ಗಾಜು, ಕೆಳಗೆ ದೀಪ, ಮೇಲೆ ನೆಗೆಟಿವ್, ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಸೂಜಿಯ ಹಾಗೆ ಮಸೆದ ಪೆನ್ಸಿಲ್. ಊರಿನ ಅರ್ಧ ಜನರ ಮೊಡವೆ, ಸುಕ್ಕು, ಕಣ್ಣಡಿಯ ಕಪ್ಪು ತೆಗೆದವಳು ಅವಳು. ಪೆನ್ಸಿಲ್‌ನಷ್ಟೇ ತೆಳ್ಳಗಿದ್ದಳು, ಹಾಗಾಗಿ ಎಲ್ಲರ ಬಾಯಲ್ಲೂ 'ಕಡ್ಡಿ'. ಕೆಲಸ ಕಲಿಯಲು ಬಂದವರಿಗೆ ಅವಳ ಪಾಠ ಒಂದೇ ಸಾಲು: "ಕಪ್ಪಿಗೆ ಪೆನ್ಸಿಲ್, ಹೊಳಪಿಗೆ ಬ್ಲೇಡ್." ಫೋಟೋದಲ್ಲಿ ಕಪ್ಪಾಗಿ ಕಾಣುವ ಸುಕ್ಕು ನೆಗೆಟಿವ್‌ನಲ್ಲಿ ತೆಳುವಾಗಿರುತ್ತದೆ, ಅದನ್ನು ಪೆನ್ಸಿಲ್‌ನಿಂದ ತುಂಬಬೇಕು. ಫೋಟೋದಲ್ಲಿ ಬೆಳ್ಳಗೆ ಹೊಳೆಯುವ ಬೆವರು, ಜಿಡ್ಡು ನೆಗೆಟಿವ್‌ನಲ್ಲಿ ಗಟ್ಟಿ ಕಪ್ಪಾಗಿರುತ್ತದೆ, ಅದನ್ನು ಬ್ಲೇಡಿನ ತುದಿಯಿಂದ ಕೆರೆಯಬೇಕು. ಪೆನ್ಸಿಲ್ ತಪ್ಪಿದರೆ ಒರೆಸಬಹುದು. ಬ್ಲೇಡ್ ತಪ್ಪಿದರೆ ಮದುಮಗನ ಮೂಗೇ ಹೋಯಿತು. ಸ್ಟುಡಿಯೋದ ಕೊನೆಯ ವರ್ಷಗಳಲ್ಲೇ ಅವಳು ಬ್ಲೇಡ್ ಮುಟ್ಟುವುದನ್ನು ಬಿಟ್ಟಿದ್ದಳು, ಕಣ್ಣು ಸಾಲದು ಎಂದು.

"ನೀನು ತಲೆ ಬಗ್ಗಿಸಿ ನೋಡ್ತಿದ್ಯಲ್ಲ, ಆ ಕ್ಯಾಮೆರಾನೇ ಆಗ್ಬೇಕು" ಎಂದಳು. "ಎಲ್ಲರೂ ನನ್ನ ಮುಖ ದುರುಗುಟ್ಕೊಂಡು ನೋಡ್ತಾರೆ. ಇಲ್ಲ, ನೋಡದ ಹಾಗೆ ನಾಟಕ ಆಡ್ತಾರೆ. ಅದ್ರಲ್ಲಿ ಹಾಗಿಲ್ಲ."

ಆ ಕ್ಯಾಮೆರಾ ಸ್ಟುಡಿಯೋ ಜೊತೆಗೇ ಮಾರಿಹೋಗಿತ್ತು. ಹುಡುಕಿ ಜೋಡಿಸುತ್ತೇನೆ ಎಂದೆ. ಅವಳು ಬಲಗೈ ಎತ್ತಿ ಬೆರಳು ಅಗಲಿಸಿ ತೋರಿಸಿದಳು. "ಬೇಗ ಮಾಡು. ಔಷಧಿಗೆ ಜೋಮು ಹಿಡೀತಿದೆ. ಇದ್ರಲ್ಲಿ ಇನ್ನೊಂದು ಮುಖಕ್ಕಾಗುವಷ್ಟು ಮಾತ್ರ ಉಳಿದಿದೆ."

ಫೆಬ್ರವರಿ 8

ಸೈಕಲ್ ಅಂಗಡಿಯ ಮೇಲಿನ ಕೋಣೆಗೆ ಹೋದೆ. ಅಲ್ಲಿ ಕ್ಯಾಮೆರಾ ರಿಪೇರಿಯವನೊಬ್ಬ ಇನ್ನೂ ಇದ್ದಾನೆ. ನಾವೆಲ್ಲ 'ಸ್ಕ್ರೂ' ಎಂದು ಕರೆಯುತ್ತಿದ್ದವನು. ಈಗ ಸ್ಕ್ರೂಗೆ ಹಲ್ಲಿಲ್ಲ, ಗಿರಾಕಿಯೂ ಇಲ್ಲ, ಬಾಯಿ ಮಾತ್ರ ಹಾಗೇ ಇದೆ.

"ಅಗಲ ಫಿಲ್ಮಿನ ಕ್ಯಾಮೆರಾನಾ? ಸತ್ತೋರ ಜಾತಕ ಹುಡುಕ್ತಿದ್ದೀಯಲ್ಲೋ!" ಎಂದ. ಆದರೂ ಡ್ರಾಯರ್ ಎಳೆದ. ಹಳೇ ಟವೆಲ್ಲಿನಲ್ಲಿ ಸುತ್ತಿದ್ದ ಬಾಡಿ ಒಂದು ಸಿಕ್ಕಿತು. ಈ ಜಾತಿಯ ಕ್ಯಾಮೆರಾ ಒಂದೇ ಗಂಟಲ್ಲ. ಮುಂದೆ ಲೆನ್ಸ್, ಮೇಲೆ ಬಗ್ಗಿ ನೋಡುವ ಹುಡ್, ಹಿಂದೆ ಫಿಲ್ಮ್ ಡಬ್ಬಿ, ಎಲ್ಲವೂ ಬೇರೆ ಬೇರೆ ಬಿಚ್ಚಿಕೊಳ್ಳುತ್ತವೆ. ನನಗೆ ಸಿಕ್ಕಿದ್ದು ನಡುವಿನ ಪೆಟ್ಟಿಗೆ ಮಾತ್ರ. ಕಣ್ಣಿಲ್ಲ, ತಲೆಯಿಲ್ಲ, ಬೆನ್ನಿಲ್ಲ. ಒಳಗಿನ ಕನ್ನಡಿ ಚೆನ್ನಾಗಿದೆ. ಹಿಡಿ ತಿರುಗಿಸಿದರೆ ಅದೇ ಹಳೆಯ ಸದ್ದು. ಆ ಸದ್ದಿಗೆ ನನ್ನ ಎದೆ ಒಂದು ಸಲ ಎದ್ದು ಕೂತಿತು, ಸುಳ್ಳು ಯಾಕೆ ಹೇಳಲಿ.

ಮನೆಗೆ ತಂದು ತಂಗಿಯ ಮಡಿಲಲ್ಲಿಟ್ಟೆ. ಬಟ್ಟೆ ಒದ್ದೆ ಮಾಡಿ ಒರೆಸುತ್ತಾ ಮಧ್ಯಾಹ್ನವೆಲ್ಲ ಕೂತಿದ್ದಳು.

ಫೆಬ್ರವರಿ 13

ಹುಡ್ ಸಿಕ್ಕಿತು. ಕ್ಯಾಮೆರಾ ಬಾಡಿಯ ಮೇಲೆ ಕೂರಿಸಿದೆ, ಟಪ್ಪೆಂದು ಕೂತಿತು. ಒಂದು ಮೂಲೆಯ ಬಣ್ಣ ಹೋಗಿದೆ. ಇನ್ನೊಂದು ಸಿಗುತ್ತದೇನೋ ನೋಡಬೇಕು.

ಅಂಗಡಿಯಲ್ಲಿ ಇವತ್ತು ಎರಡು ಫೋಟೋಗೆ ಕಟ್ಟು ಹಾಕಿದೆ. ಸ್ಟುಡಿಯೋ ಹೋದ ಮೇಲೆ ನನ್ನ ಹೊಟ್ಟೆ ತುಂಬುತ್ತಿರುವುದು ಇದರಿಂದಲೇ: ಸತ್ತವರಿಗೆ ಗಾಜು, ಅಂಚು, ಕೊಕ್ಕೆ. ಎರಡನೆಯದು ಮದುವೆಯ ಗುಂಪಿನಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಆ ಅಜ್ಜಿಯ ಹೆಗಲ ಮೇಲೆ ಯಾರದೋ ಕೈ ಉಳಿದುಬಿಟ್ಟಿತ್ತು. ಇನ್ನು ಆ ಮನೆಯ ಗೋಡೆಯ ಮೇಲೆ ಆ ಕೈ ಶಾಶ್ವತ. ತಂಗಿಗೆ ಹೇಳಿದೆ, ನಗಲಿ ಎಂದು. ನಕ್ಕಳು. ಆಮೇಲೆ, "ನನ್ನನ್ನ ಗುಂಪಿಂದ ಕತ್ತರಿಸ್ಬೇಡ, ಅಷ್ಟೇ" ಎಂದಳು.

ಫೆಬ್ರವರಿ 17

ಒಬ್ಬ ಹಳೇ ಮದುವೆ ಫೋಟೋಗ್ರಾಫರನ ಷೋಕೇಸಿನಲ್ಲಿ ಲೆನ್ಸ್ ಇತ್ತು. ಸ್ಕ್ರೂ ಜೊತೆ ಹೋದೆ. ದೀಪದ ಎದುರು ಹಿಡಿದು ನೋಡಿದರೆ ಒಳಗಾಜಿನ ಅಂಚಿನಲ್ಲಿ ನೂಲಿನೆಳೆಯಷ್ಟು ಬೂಷ್ಟು.

"ಇದು ಫೋಟೋದಲ್ಲಿ ಬರಲ್ಲ ಕಣೋ. ಮುಖದ ಫೋಟೋಗೆ ಇನ್ನೂ ಒಳ್ಳೇದೇ, ಒಂಚೂರು ಮೆತ್ತಗೆ ಬರುತ್ತೆ" ಎಂದ ಸ್ಕ್ರೂ.

ಬೇಡ ಎಂದೆ. ತಂಗಿಯ ಫೋಟೋಗೆ ಬೂಷ್ಟು ಹಿಡಿದ ಲೆನ್ಸೇ?

ಮೆಟ್ಟಿಲು ಇಳಿಯುವಾಗ ಅವನು ಗೊಣಗಿದ: "ಹೆಣ್ಣು ನೋಡೋಕೆ ಬಂದೋರ ಥರ ಆಡ್ತೀಯ. ಒಂದಕ್ಕೆ ಮೂಗು ದಪ್ಪ, ಒಂದಕ್ಕೆ ಕಾಲು ಸೊಟ್ಟ." ಒಳ್ಳೆಯದನ್ನು ಹುಡುಕುವುದು ತಪ್ಪೇ? ಇವನಿಗೆ ಏನು ಗೊತ್ತು!

ಫೆಬ್ರವರಿ 19

ಇವತ್ತು ಅವಳಿಗೆ ನೀರೂ ಇಳಿಯಲಿಲ್ಲ. ಏನೂ ಬರೆಯಲಾರೆ.

ಫೆಬ್ರವರಿ 24

ಬೇರೆ ಲೆನ್ಸ್ ಸಿಕ್ಕಿದೆ. ಗಾಜು ಕೊಳದ ನೀರಿನ ಹಾಗಿದೆ. ಹುಡುಕಿದರೂ ತಪ್ಪು ಸಿಗಲಿಲ್ಲ.

ಕ್ಯಾಮೆರಾ ಬಾಡಿಯ ಮುಂದೆ ಕೂರಿಸಿ, ಹುಡ್ ತೆರೆದು, ಕಿಟಕಿಯ ಬಳಿ ಒಯ್ದೆ. ಮಸುಕು ಗಾಜಿನ ಮೇಲೆ ಬೀದಿ ಬಂತು. ಈ ಗಾಜಿನಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಎಡಕ್ಕೆ ಹೋಗುವ ಬಸ್ಸು ಬಲಕ್ಕೆ ಹೋಗುತ್ತದೆ. ತಂಗಿಯನ್ನು ಕರೆದೆ. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಬಗ್ಗಿ ನೋಡಿದೆವು. ಅವಳ ಕೂದಲಿಗೆ ಔಷಧಿಯ ವಾಸನೆ. "ನೋಡು, ಆ ಹಾಲಿನವನು ನಮ್ಮ ಮನೆ ಕಡೆಗೆ ಬರ್ತಾ ಬರ್ತಾ ದೂರ ಹೋಗ್ತಿದ್ದಾನೆ" ಎಂದಳು.

ಫಿಲ್ಮ್ ಡಬ್ಬಿಯನ್ನೂ ಸ್ಕ್ರೂ ಕೊಟ್ಟ. ಬೆಳಕು ತಡೆಯುವ ಅಂಚಿನ ಪಟ್ಟಿ ಅಂಟು ಅಂಟಾಗಿ ಕರಗಿತ್ತು. ನಾನು ಖುಷಿಯಿಂದ "ಇದು ಆಗಲ್ಲ" ಎನ್ನುವಷ್ಟರಲ್ಲಿ ಹೊಸ ಪಟ್ಟಿ ಅಂಟಿಸಿಬಿಟ್ಟ. ಅಷ್ಟರಲ್ಲಿ ಡಬ್ಬಿಯ ಮೇಲಿನ ನಂಬರೂ ಒಳಗಿನ ಚೌಕಟ್ಟಿನ ನಂಬರೂ ಬೇರೆ ಎಂದು ನನಗೆ ಕಂಡಿತು. ಜೋಡಿ ತಪ್ಪಿದ್ದು. ಫ್ರೇಮಿನ ಮೇಲೆ ಫ್ರೇಮು, ಅಂದರೆ ಒಂದು ಫೋಟೋದ ಮೇಲೆ ಇನ್ನೊಂದು ಏರಬಹುದು ಎಂದೆ. ಸ್ಕ್ರೂ ನನ್ನ ಮುಖವನ್ನೇ ನೋಡಿದ. "ಏರಬಹುದು. ಏರದೇ ಇರಬಹುದು. ಒಂದು ರೋಲ್ ಹಾಕಿ ನೋಡು" ಎಂದ. ಸರಿಯಾದ ಜೋಡಿ ಹುಡುಕಿಕೊಡು ಎಂದು ಹೇಳಿ ಬಂದೆ.

ಫೆಬ್ರವರಿ 27

ಕೈಯಾರೆ ಕೆಡಿಸಿದೆ. ಲೆನ್ಸನ್ನು ಬಿಚ್ಚಿ ಒರೆಸಿ ಮತ್ತೆ ಹಾಕುವಾಗ, ಕ್ಯಾಮೆರಾ ಬಾಡಿಯ ಕೀ ತಿರುಗಿಸಿದೆಯೋ ಇಲ್ಲವೋ ನೋಡಲಿಲ್ಲ. ಲೆನ್ಸು, ಬಾಡಿ ಎರಡಕ್ಕೂ ಕೀ ಕೊಟ್ಟಿರಬೇಕು, ಆಗಲೇ ಜೋಡಿಸಬೇಕು. ಇಲ್ಲದಿದ್ದರೆ ಒಂದರ ಹಲ್ಲು ಇನ್ನೊಂದಕ್ಕೆ ಕಚ್ಚಿಕೊಂಡು ಅತ್ತ ಹೋಗುವುದಿಲ್ಲ, ಇತ್ತ ಬರುವುದಿಲ್ಲ. ಸ್ಟುಡಿಯೋದಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಅವತ್ತಿಡೀ ನಾನು ಅವರ ವಂಶ ಜಾಲಾಡುತ್ತಿದ್ದೆ.

ಸ್ಕ್ರೂಗೆ ಕೊಟ್ಟು ಬಂದೆ. ಎಷ್ಟು ದಿನ ಹಿಡಿಯುತ್ತದೋ ಗೊತ್ತಿಲ್ಲ ಎಂದ. ಒಂದು ವಾರವಾದರೂ ಆಗಬಹುದು ಎಂದುಕೊಂಡೆ.

ವಿಚಿತ್ರ. ದಾರಿಯುದ್ದಕ್ಕೂ ಸಿಳ್ಳೆ ಹಾಕಿಕೊಂಡು ಬಂದೆನಂತೆ. ಬಾಗಿಲು ತೆಗೆದ ಹೆಂಡತಿ, "ಏನ್ರೀ, ಕ್ಯಾಮೆರಾ ರೆಡಿ ಆಯ್ತಾ?" ಎಂದಳು. ಕೆಟ್ಟಿತು ಎಂದೆ. "ಕೆಟ್ಟಿದ್ದಕ್ಕೆ ಸಿಳ್ಳೆನಾ?" ಎಂದು ಬಹಳ ಹೊತ್ತು ನನ್ನನ್ನೇ ನೋಡಿದಳು. ಮನುಷ್ಯ ಮನೆಗೆ ಬರುವಾಗ ಸಿಳ್ಳೆಯನ್ನೂ ಹಾಕಬಾರದೇ!

ಮಾರ್ಚ್ 1

ಸ್ಕ್ರೂ ಎರಡೇ ದಿನದಲ್ಲಿ ಸರಿ ಮಾಡಿಬಿಟ್ಟಿದ್ದಾನೆ. ಎಷ್ಟು ಸಿಟ್ಟು ಬಂತೆಂದರೆ ಥ್ಯಾಂಕ್ಸ್ ಹೇಳುವುದನ್ನೂ ಮರೆತೆ. ಫಿಲ್ಮ್ ಡಬ್ಬಿಗೆ ಸರಿಯಾದ ಒಳಚೌಕಟ್ಟನ್ನೂ ಎಲ್ಲಿಂದಲೋ ತರಿಸಿದ್ದಾನೆ. ನಂಬರಿಗೆ ನಂಬರ್ ಕೂತಿದೆ.

"ಎಲ್ಲಾ ಸರಿ ಇದೆ. ಇನ್ನು ಇಲ್ಲಿಗೆ ಬರಬೇಡ" ಎಂದ. ಕ್ಯಾಮೆರಾವನ್ನು ನನ್ನ ಕೈಗಿಟ್ಟವನು ಕೂಡಲೇ ಬಿಡಲಿಲ್ಲ, ಸ್ವಲ್ಪ ಹೊತ್ತು ಅವನೂ ಹಿಡಿದುಕೊಂಡಿದ್ದ. "ಕಡ್ಡಿ ನನ್ನ ಮದುವೆ ಫೋಟೋ ತಿದ್ದಿದ್ಲು. ಆಗಿದ್ದ ಸೊಟ್ಟ ಹಲ್ಲು ನೇರ ಮಾಡಿದ್ಲು. ನನ್ನ ಮಗಳು ಈಗ್ಲೂ ಅದನ್ನ ನಂಬ್ತಾಳೆ."

ಮಾರ್ಚ್ 4

ಪರೀಕ್ಷೆಗೆ ಒಂದು ರೋಲ್ ಹಾಕಿ ಬೀದಿ, ಬಾಗಿಲು, ಹೆಂಡತಿಯ ಬಟ್ಟೆ ಒಣಹಾಕುವ ಹಗ್ಗ ತೆಗೆದೆ. ತೊಳೆದು ನೋಡಿದೆ. ಎಲ್ಲಾ ಫ್ರೇಮೂ ಸರಿಯಾಗಿದೆ, ಅಂತರವೂ ಸರಿ. ಆದರೂ ಬೆಳಕಿಗೆ ಅಡ್ಡ ಹಿಡಿಯುವ ಲೆನ್ಸ್ ಕೊಡೆ ಇದ್ದರೆ ಚೆನ್ನಾಗಿತ್ತು. ಬೆಳಕು ಅಳೆಯುವ ಒಂದು ಮೀಟರ್ ಕೂಡ. ಕಣ್ಣಂದಾಜಿನ ಮೇಲೆ ನನಗೆ ಮೊದಲಿನ ಭರವಸೆ ಇಲ್ಲ. ಅದನ್ನೇ ಊಟದ ಹೊತ್ತಿಗೆ ಹೇಳಿದೆ.

ಹೆಂಡತಿ ತಟ್ಟೆಯನ್ನು ಕುಕ್ಕಿದಳು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಇನ್ನೇನು ಬೇಕ್ರೀ ನಿಮಗೆ? ಆಕಾಶಕ್ಕೆ ಬಣ್ಣ ಹೊಡಿಸ್ಬೇಕಾ?"

ತಂಗಿ ಚಮಚೆಯಿಂದ ಹಾಲು ಕುಡಿಯುತ್ತಿದ್ದಳು. ಚಮಚೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಡಲು ಹೋದೆ, ಬೇಡ ಎಂದು ತಾನೇ ಬಗ್ಗಿದಳು. ಎರಡು ಸಲ ಹಿಡಿಯಲು ನೋಡಿದಳು, ಬೆರಳು ಮಡಚಲಿಲ್ಲ. ಮೂರನೇ ಸಲ ಸಿಕ್ಕಿತು. ಕೂತು ಉಸಿರು ತೆಗೆದುಕೊಂಡು, ನಿಧಾನವಾಗಿ, ಒಂದೊಂದೇ ಪದ ಇಟ್ಟು ಹೇಳಿದಳು:

"ಅಣ್ಣ. ಕ್ಯಾಮೆರಾ ಮುಗಿದ್ರೆ ನಾನೂ ಮುಗೀತೀನಿ ಅಂತ ಯಾರು ಹೇಳಿದ್ರು ನಿಂಗೆ?"

ಏನು ಮಾತೋ! ಯಾರೂ ಹೇಳಿಲ್ಲ. ನಾನು ಹಾಗೆಲ್ಲ ಯೋಚಿಸುವವನೂ ಅಲ್ಲ. ಅವಳು ಅಂದದ್ದನ್ನು ಅಂದ ಹಾಗೆ ಬರೆದಿದ್ದೇನೆ, ಅಷ್ಟೇ.

ಮಾರ್ಚ್ 5

ಲೆನ್ಸ್ ಕೊಡೆಯನ್ನು ಕಪ್ಪು ರಟ್ಟಿನಿಂದ ನಾನೇ ಸುತ್ತಿ ಮಾಡಿದೆ. ಭಾನುವಾರ ತೆಗೆಯುತ್ತೇನೆ.

ಮಾರ್ಚ್ 8

ಬೆಳಿಗ್ಗೆ ಹತ್ತರ ಹೊತ್ತಿಗೆ ಹಜಾರದ ಕಿಟಕಿಯಿಂದ ಒಳ್ಳೆ ಬೆಳಕು ಬರುತ್ತದೆ, ಎದುರುಮನೆಯ ಸುಣ್ಣದ ಗೋಡೆಗೆ ಬಿದ್ದು ಮೆತ್ತಗಾಗಿ. ಕುರ್ಚಿ ಹಾಕಿದೆ. ತಂಗಿ ಒಳಗಿನಿಂದ ಬಂದಳು. ಅವಳು ಹಾಕಿಕೊಂಡು ಬಂದದ್ದು ಸ್ಟುಡಿಯೋದ ನೀಲಿ ಕೋಟು. ಜೇಬಿನಲ್ಲಿ ಪೆನ್ಸಿಲ್ ಇಡುವ ಹೊಲಿಗೆ ಇನ್ನೂ ಇದೆ. ಕೋಟಿನೊಳಗೆ ಇನ್ನೊಬ್ಬರು ಹಿಡಿಸುವಷ್ಟು ಜಾಗ.

ಹೊಲಿಗೆ ಮುಚ್ಚಲು ಕುತ್ತಿಗೆಗೆ ಸುತ್ತಿಕೊಂಡಿದ್ದ ಬಟ್ಟೆಯನ್ನು ತಾನೇ ತೆಗೆದು ಹೆಂಡತಿಯ ಕೈಗೆ ಕೊಟ್ಟಳು. ನಾನು ಅಭ್ಯಾಸಬಲದಿಂದ ಅವಳ ಒಳ್ಳೆಯ ಕೆನ್ನೆಯನ್ನು ಬೆಳಕಿಗೆ ತಿರುಗಿಸಲು ಹೋದೆ. "ಬೇಡ. ನೇರ" ಎಂದಳು.

ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ತಲೆ ಬಗ್ಗಿಸಿದೆ. ಮಸುಕು ಗಾಜಿನ ಮೇಲೆ ತಂಗಿ ಬಂದಳು. ಕುಸಿದ ಎಡಗೆನ್ನೆ ಬಲಕ್ಕೆ ಬಂದಿತ್ತು. ಒಂದು ವರ್ಷದಿಂದ ಅವಳ ಮುಖವನ್ನು ಇಷ್ಟು ಹೊತ್ತು ನಾನು ನೋಡಿಯೇ ಇರಲಿಲ್ಲ. ಮಾತಾಡುವಾಗ ಹಣೆಯನ್ನು ನೋಡುತ್ತಿದ್ದೆ, ಇಲ್ಲ ಔಷಧಿಯ ಬಾಟಲನ್ನು. ಈಗ ಗಾಜು ಅವಳ ರೆಪ್ಪೆಯನ್ನು, ತುಟಿಯ ಅಂಚಿನ ಎಳೆತವನ್ನು, ಗಂಟಲಿನ ಹೊಲಿಗೆಯನ್ನು ಒಂದೊಂದಾಗಿ ನನ್ನ ಕಣ್ಣೆದುರು ಇಟ್ಟಿತು. ನಾನು ನೋಡಿದೆ. ಚೆನ್ನಾಗಿದ್ದಳು. ನನ್ನ ತಂಗಿ ಚೆನ್ನಾಗಿದ್ದಳು. ಇದನ್ನು ಯಾರಿಗೂ ಹೇಳಲು ಬಾರದು, ಇಲ್ಲಿ ಹೇಳಿದ್ದೇನೆ.

ಒಂದೊಂದಕ್ಕೂ ಉಸಿರು ಹಿಡಿದು ಒತ್ತಿದೆ. ಕೊನೆಯ ಫ್ರೇಮ್ ಉಳಿದಾಗ ಅವಳು ಕೈಯೆತ್ತಿ ತಡೆದಳು. "ಸಾಕು. ಈಗ ನೀನು ಕೂತ್ಕೋ."

"ನಂದ್ಯಾಕೆ? ಇಷ್ಟು ವರ್ಷ ತೆಗೆದವನು ನಾನು, ಕೂತವನಲ್ಲ."

"ಅದಕ್ಕೇ. ನಿಂದು ನೆಟ್ಟಗಿರೋ ಫೋಟೋ ಒಂದೂ ಇಲ್ಲ. ಬಾ, ಕೂತ್ಕೋ."

ಕುರ್ಚಿ ಅವಳ ಬಿಸಿಗೆ ಇನ್ನೂ ಬೆಚ್ಚಗಿತ್ತು. ಅವಳು ಸ್ಟ್ಯಾಂಡ್ ಹಿಡಿದು ನಿಂತು ಹುಡ್‌ನೊಳಗೆ ತಲೆ ಬಗ್ಗಿಸಿದಳು. ಹೆಂಡತಿ ಅವಳ ಸೊಂಟಕ್ಕೆ ಆಸರೆಯಾಗಿ ಹಿಂದೆ ನಿಂತಿದ್ದಳು, ಅವಳ ಮುಖ ತಂಗಿಯ ಬೆನ್ನ ಮರೆಯಲ್ಲಿತ್ತು. ಫೋಕಸ್ ತಿರುಗಿಸಲು ಬೆರಳು ಬಾರದೆ ಬಹಳ ಹೊತ್ತು ಹಿಡಿಯಿತು. ನನಗೆ ಅವಳ ನೆತ್ತಿ ಮಾತ್ರ ಕಾಣುತ್ತಿತ್ತು. ಕೂದಲು ಉದುರಿ ಮತ್ತೆ ಹುಟ್ಟುತ್ತಿರುವ ನೆತ್ತಿ, ಎಳೆ ಮಗುವಿನ ಹಾಗೆ. ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ ನಾನೇ ಎತ್ತಿಕೊಂಡು ತಿರುಗುತ್ತಿದ್ದ ತಲೆ ಅದು. ನನ್ನ ಕಡೆ ನೋಡುವವರು ಆ ಕ್ಷಣ ಯಾರೂ ಇರಲಿಲ್ಲ. ಒಂದು ವರ್ಷದಿಂದ ಅವಳೆದುರು ನಗುಮುಖ ಹೊತ್ತುಕೊಂಡು ತಿರುಗಿ ಸಾಕಾಗಿತ್ತು. ಮುಖವನ್ನು ಅದರ ಪಾಡಿಗೆ ಬಿಟ್ಟುಬಿಟ್ಟೆ. ಕಣ್ಣೀರು ಸದ್ದಿಲ್ಲದೆ ಹರಿಯಿತು.

ಕ್ಯಾಮೆರಾ ಸದ್ದಾಯಿತು. ಅವಳು ತಲೆಯೆತ್ತುವಷ್ಟರಲ್ಲಿ ತೋಳಿನಿಂದ ಒರೆಸಿಕೊಂಡಿದ್ದೆ. ಏನೂ ಗೊತ್ತಾಗಲಿಲ್ಲ ಅವಳಿಗೆ. "ಚೆನ್ನಾಗಿ ಬರುತ್ತೆ" ಎಂದಳು ಅಷ್ಟೇ.

ಮಾರ್ಚ್ 9

ಬಚ್ಚಲಿನ ಕಿಟಕಿಗೆ ಕಪ್ಪು ಬಟ್ಟೆ ಹೊಡೆದು ಫಿಲ್ಮ್ ತೊಳೆದೆ. ಎಲ್ಲಾ ಬಂದಿದೆ. ಹೆಂಡತಿಯ ಹಗ್ಗಕ್ಕೆ, ಬಟ್ಟೆ ಕ್ಲಿಪ್ಪಿಗೇ ತೂಗುಹಾಕಿದೆ. ಅವಳ ಫ್ರೇಮುಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ, ಅಷ್ಟರಲ್ಲಿ ತಂಗಿ ಬಂದು ಇಡೀ ಪಟ್ಟಿಯನ್ನು ಕಿತ್ತುಕೊಂಡಳು. "ತೊಳೆಯೋದು ನಿನ್ನ ಕೆಲಸ, ಮುಗೀತು." ಸ್ಟುಡಿಯೋದಲ್ಲೂ ಹೀಗೇ ಕಿತ್ತುಕೊಳ್ಳುತ್ತಿದ್ದಳು. ಕೊನೆಯದು ನನ್ನ ಮುಖ, ಅದನ್ನು ನೋಡುವ ಆಸೆ ನನಗೂ ಇರಲಿಲ್ಲ.

ಮಾರ್ಚ್ 12

ಅಟ್ಟದಿಂದ ಓರೆ ಹಲಗೆ ಇಳಿಸಿದೆ. ಹೊಸ ಬಲ್ಬ್ ಹಾಕಿದೆ. ಪೆನ್ಸಿಲ್‌ಗಳನ್ನು ಅವಳು ಹೇಳಿದ ಹಾಗೆ ಮರಳುಕಾಗದಕ್ಕೆ ಉಜ್ಜಿ ಸೂಜಿ ಮಾಡಿಕೊಟ್ಟೆ. ನಾನು ಮಾಡಿದ್ದೊಂದೂ ಅವಳಿಗೆ ಹಿಡಿಸಲಿಲ್ಲ. "ಇದು ಸೂಜಿನಾ, ಗೂಟಾನಾ?" ಎಂದಳು. ಬೈಯುವಷ್ಟು ಶಕ್ತಿ ಇದೆಯಲ್ಲ ಎಂದು ಸಮಾಧಾನ.

ಬೆಳಗಿನ ಹೊತ್ತು ಸ್ವಲ್ಪ ಕೂರುತ್ತಾಳೆ. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಮಾಡುತ್ತಾಳೆ. ಅವಳು ಹಲಗೆಯ ಮುಂದೆ ಕೂತಾಗ ಹತ್ತಿರ ಯಾರೂ ಹೋಗಬಾರದು, ನೆಲ ಅಲುಗುತ್ತದೆ ಎಂಬುದು ಹಳೆಯ ಕಾನೂನು. ಬಾಗಿಲಲ್ಲೇ ನಿಂತು ಬೆನ್ನು ನೋಡಿ ಬಂದೆ.

ಮಾರ್ಚ್ 16

ಹೆಂಡತಿ ಪೇಟೆಯಿಂದ ಹೊಸ ಬ್ಲೇಡ್ ತಂದಿದ್ದಾಳೆ. ಯಾರಿಗೆ ಎಂದರೆ "ನಿಮ್ಮ ತಂಗಿ ಕೇಳಿದ್ಲು" ಎಂದಳು.

ಕೈ ನೆಟ್ಟಗಿದ್ದಾಗಲೇ ಬಿಟ್ಟ ಬ್ಲೇಡನ್ನು ಈಗ ಹಿಡಿಯುತ್ತಾಳಂತೆ! ಗಂಟಲಿನ ಹೊಲಿಗೆಯ ಚರ್ಮ ಮಿರಿಮಿರಿ ಹೊಳೆಯುತ್ತದೆ, ಅದನ್ನು ಕೆರೆಯಲು ಹೊರಟಿರಬೇಕು. ಬಾಗಿಲಲ್ಲಿ ನಿಂತು, "ಕಡ್ಡಿ, ಆ ಹೊಳಪು ಇದ್ರೆ ಇರಲಿ ಬಿಡು. ಜಾರಿದ್ರೆ ಇಡೀ ನೆಗೆಟಿವ್ ಹೋಗುತ್ತೆ" ಎಂದೆ.

ತಿರುಗದೆಯೇ ಹೇಳಿದಳು: "ಇದು ಇರಬಾರದು."

ಮಾರ್ಚ್ 19

ಇವತ್ತು ಅವಳು ಹಲಗೆಯ ಮುಂದೆ ಕೂರಲಿಲ್ಲ.

ಮಾರ್ಚ್ 20

ಇವತ್ತೂ ಇಲ್ಲ. ಹೆಂಡತಿ ಅವಳ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿ ಒಂದೊಂದಾಗಿ ನೀವುತ್ತಿದ್ದಳು. ಇಬ್ಬರೂ ಏನೋ ಪಿಸುಗುಟ್ಟುತ್ತಿದ್ದರು, ನಾನು ಹೋದೊಡನೆ ಸುಮ್ಮನಾದರು. ಅತ್ತಿಗೆ ನಾದಿನಿ ಒಂದಾದರೆ ಮನೆಯಲ್ಲಿ ಗಂಡಸಿಗೆ ಬೆಲೆ ಇಲ್ಲ.

ಮಾರ್ಚ್ 22

ಮುಗಿಯಿತಂತೆ. ಎರಡು ಲಕೋಟೆ ಕೊಟ್ಟಳು. "ಇದು ತಿದ್ದಿದ್ದು. ಇದು ಉಳಿದಿದ್ದು. ತಿದ್ದಿದ್ದನ್ನ ಮೊದಲು ಹಾಕು." ತಿದ್ದಿದ ನೆಗೆಟಿವ್‌ಗೆ ಬೆರಳು ತಾಗಿದರೆ ಅಳಿಸಿಹೋಗುತ್ತದೆ, ಪ್ರಿಂಟ್ ಹಾಕುವ ತನಕ ಲಕೋಟೆ ತೆರೆಯಬಾರದು. ತೆರೆಯಲಿಲ್ಲ.

ಪ್ರಿಂಟಿಗೆ ಒಳ್ಳೆಯ ಕಾಗದ ಬೇಕು. ನನ್ನ ಹತ್ತಿರ ಇರುವ ಪೊಟ್ಟಣ ಸ್ಟುಡಿಯೋ ಕಾಲದ್ದು, ಅಂಚು ಬೂದಿಬಣ್ಣಕ್ಕೆ ತಿರುಗಿರುತ್ತದೆ. ನೆಗೆಟಿವ್ ಹಿಗ್ಗಿಸಿ ಕಾಗದಕ್ಕೆ ಇಳಿಸುವ ಯಂತ್ರದ ಬಲ್ಬೂ ಹಳೆಯದು. ಹೊಸದಕ್ಕೆ ಹೇಳಿದ್ದೇನೆ.

ಮಾರ್ಚ್ 27

"ಪ್ರಿಂಟ್ ಆಯ್ತಾ ಅಣ್ಣ?"

"ಕಾಗದ ಬರ್ಲಿ. ಒಳ್ಳೇದು ತರಿಸ್ತಿದ್ದೀನಿ."

ಅರ್ಧ ಬಾಯಲ್ಲಿ ನಕ್ಕಳು. "ಸ್ಕ್ರೂ ಹತ್ರ ಹೋಗು. ನಿನ್ನನ್ನ ರಿಪೇರಿ ಮಾಡ್ತಾನೇನೋ ಕೇಳು" ಎಂದಳು. ಅಷ್ಟು ಹೇಳುವುದಕ್ಕೆ ಮೂರು ಸಲ ಉಸಿರು ತೆಗೆದುಕೊಳ್ಳಬೇಕಾಯಿತು.

ಏಪ್ರಿಲ್ 2

ಇವತ್ತು ಬೆಳಿಗ್ಗೆ ಹೋದಳು. ಅವಳ ಕೈ ನನ್ನ ಕೈಯಲ್ಲೇ ಇತ್ತು. ಕಾಗದ ಬಂದಿಲ್ಲ.

ಏಪ್ರಿಲ್ 7

ಮನೆ ಖಾಲಿಯಾಗಿದೆ. ಬಂದವರೆಲ್ಲ ಹೋದರು. ಗೋಡೆಗೆ ಫೋಟೋ ಬೇಕು ಎಂದಳು ಹೆಂಡತಿ, ಅತ್ತೂ ಅತ್ತೂ ಬತ್ತಿದ ದನಿಯಲ್ಲಿ.

ಮಧ್ಯಾಹ್ನ ಬಚ್ಚಲಿನ ಕಿಟಕಿ ಮುಚ್ಚಿ ಕೆಂಪು ದೀಪ ಹಾಕಿದೆ. ಹಳೆಯ ಕಾಗದ, ಹಳೆಯ ಬಲ್ಬ್. ಇದ್ದದ್ದು ಅದೇ. ತಿದ್ದಿದ ಲಕೋಟೆಯನ್ನು ತೆರೆದು ನೆಗೆಟಿವನ್ನು ಅಂಚಿನಲ್ಲಿ ಹಿಡಿದು ಯಂತ್ರದೊಳಗೆ ಇಟ್ಟೆ. ದೀಪ ಹಾಕಿದೆ. ನೆಗೆಟಿವ್ ಮುಖಗಳನ್ನು ನೋಡುತ್ತಲೇ ಮುದುಕನಾದವನು ನಾನು. ಯಂತ್ರದ ಕೆಳಗಿನ ಹಲಗೆಯ ಮೇಲೆ ಬಿದ್ದದ್ದು ತಂಗಿಯ ಮುಖವಲ್ಲ. ನನ್ನದು.

ಔಷಧಿಯ ಮಂಪರಿನಲ್ಲಿ ಲಕೋಟೆ ಅದಲು ಬದಲು ಮಾಡಿದ್ದಾಳೆ ಎಂದುಕೊಂಡೆ. ಇನ್ನೊಂದನ್ನು ತೆರೆದೆ. ಅವಳ ಫ್ರೇಮುಗಳೆಲ್ಲ ಅದರಲ್ಲಿದ್ದವು. ಒಂದೊಂದನ್ನೂ ಅವಳ ಭೂತಗನ್ನಡಿಯಲ್ಲಿ ನೋಡಿದೆ. ಒಂದರ ಮೇಲೂ ಪೆನ್ಸಿಲ್ ತಾಗಿಲ್ಲ. ಕೆನ್ನೆಯ ಗುಳಿ, ಹೊಲಿಗೆಯ ಹೊಳಪು, ಎಲ್ಲ ಹಾಗೇ ಇದೆ.

ನನ್ನ ನೆಗೆಟಿವನ್ನು ಮತ್ತೆ ತೆಗೆದು ಬೆಳಕಿಗೆ ಹಿಡಿದೆ. ಕಣ್ಣಡಿಯ ಚೀಲಗಳನ್ನು ಮುಟ್ಟಿಲ್ಲ. ಹಣೆಯ ಗೆರೆಗಳನ್ನೂ ಮುಟ್ಟಿಲ್ಲ. ಎರಡೂ ಕಣ್ಣಿನಿಂದ ಗಲ್ಲದವರೆಗೆ ಬ್ಲೇಡಿನ ಗೀರು, ಕೂದಲಿಗಿಂತ ಸಣ್ಣ ಸಣ್ಣ ಗೀರು, ಸಾಲಾಗಿ.

ಪ್ರಿಂಟ್ ಹಾಕಿದೆ. ಟ್ರೇಯಲ್ಲಿ ನಿಧಾನವಾಗಿ ನಾನು ಬಂದೆ. ಕಣ್ಣು ಊದಿಕೊಂಡ, ತುಟಿ ಕಚ್ಚಿಕೊಂಡ, ಒಣ ಕೆನ್ನೆಯ ಒಬ್ಬ ಮುದುಕ.

ಜೀವಮಾನವಿಡೀ ಆ ಗಾಜಿನ ಮೇಲೆ ಬಗ್ಗಿ ಕೂತವನು ನಾನು. ಎದುರಿಗೆ ಕೂತವರ ರೆಪ್ಪೆ ಅಲುಗಿದರೂ ಗೊತ್ತಾಗುತ್ತಿತ್ತು ನನಗೆ. ತಲೆ ಬಗ್ಗಿಸಿದವಳಿಗೆ ನಾನು ಕಾಣುವುದಿಲ್ಲ ಎಂದುಕೊಂಡೆನಲ್ಲ, ಎಂಥ ಪೆದ್ದ! ಅಷ್ಟು ಹೊತ್ತು ಅವಳು ಫೋಕಸ್ ಮಾಡುತ್ತಿರಲಿಲ್ಲ. ನೋಡುತ್ತಿದ್ದಳು. ನೋಡಿ, ಒಂದು ಮಾತೂ ಆಡದೆ, ಒಂದು ಮುಖಕ್ಕಾಗುವಷ್ಟೇ ಉಳಿದಿದ್ದ ಕೈಯಿಂದ ನನ್ನ ಕಣ್ಣೊರೆಸಿ ಹೋದಳು.

ಮೂಗಿನ ಪಕ್ಕ ಒಂದು ಕಡೆ ಅವಳ ಕೈ ಜಾರಿದೆ. ಫೋಟೋದಲ್ಲಿ ಅಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆ ಬಂದಿದೆ. ಈ ವಯಸ್ಸಿನಲ್ಲಿ ನನಗೊಂದು ಮಚ್ಚೆ. ಅದನ್ನು ಮುಚ್ಚಲು ಬಣ್ಣವೂ ಕುಂಚವೂ ಮನೆಯಲ್ಲೇ ಇವೆ. ಮುಚ್ಚುವುದಿಲ್ಲ.

ಹೆಂಡತಿಗೆ ತೋರಿಸಿದೆ. ಅವಳಿಗೆ ಮೊದಲೇ ಗೊತ್ತಿತ್ತು. "ಹೇಳ್ಬೇಡ ಅತ್ತಿಗೆ, ಅವನು ಇನ್ನೂ ಅಳ್ತಾನೆ ಅಂದ್ಲು ರೀ" ಎಂದಳು. ಬಚ್ಚಲಿನ ಹೊಸ್ತಿಲ ಮೇಲೆ ಇಬ್ಬರೂ ಕೂತೆವು.

ಏಪ್ರಿಲ್ 12

ಅವಳದ್ದನ್ನೂ ಪ್ರಿಂಟ್ ಹಾಕಿದೆ. ನೇರವಾಗಿ ನೋಡುತ್ತಿರುವುದು. ಅಂಚು ಬೂದಿಯಾಗಿದೆ, ಆಗಲಿ. ಗಾಜು, ಚೌಕಟ್ಟು, ಕೊಕ್ಕೆ ಎಲ್ಲ ನಾನೇ ಹಾಕಿ ಹಜಾರದ ಕಿಟಕಿಯ ಎದುರು ತೂಗುಹಾಕಿದೆ.

ಸಂಜೆ ಚಿಕ್ಕಮ್ಮ ಬಂದಿದ್ದರು. ಫೋಟೋದ ಮುಂದೆ ಬಹಳ ಹೊತ್ತು ನಿಂತರು, ಸೆರಗಿನಿಂದ ಮೂಗೊರೆಸಿಕೊಂಡರು. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟರು:

"ಊರೋರ ಮುಖ ಎಲ್ಲ ತಿದ್ದಿದ ಹುಡುಗಿ. ಅವಳದ್ದೊಂದನ್ನ ಒಂಚೂರು ತಿದ್ದಿಸಬಾರದಿತ್ತೇನಪ್ಪಾ?"

"ತಿದ್ದೋಳಿಗೆ ಬೇರೆ ಕೆಲಸ ಇತ್ತು ಚಿಕ್ಕಮ್ಮ" ಎಂದೆ.